ಸಂಶಯದ ಮರ್ಯಾದೆ: ಹಿಮಾಲಯವನ್ನು ಕುರಿತ ಒಂದು ವಾಕ್ಯದ ಪರಾಮರ್ಶೆ

ಸಾಹಿತ್ಯ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ವಾಯುಗುಣ ಬದಲಾವಣೆಯ ವಿವಾದಕ್ಕೇನು ಕೆಲಸ ಎಂದು ಓದುಗರು ಕೇಳಬಹುದು. ಕೆಲಸವಿದೆ. ಈ ವಿವಾದದ ವೈಜ್ಞಾನಿಕ ಭಾಗ ನಡೆದದ್ದು ಪ್ರಯೋಗಾಲಯಗಳಲ್ಲಿ. ಸಾರ್ವಜನಿಕ ಭಾಗ ನಡೆದದ್ದು ಬರಹದಲ್ಲಿ. ವರದಿ, ಚರ್ಚಾಪತ್ರ, ಕಾದಂಬರಿ, ಪತ್ರಿಕೆಯ ತಲೆಬರಹ ಇವೇ ಅದರ ಆಯುಧಗಳು. ಬರಹ ಇರುವಲ್ಲಿ ವಿಮರ್ಶೆಗೂ ಅಧಿಕಾರವುಂಟು. ನಾನು ವಿಜ್ಞಾನಿಯಲ್ಲ; ಪಠ್ಯವನ್ನು ನಿಧಾನವಾಗಿ ಓದಲು ಕಲಿತ ಸಾಹಿತ್ಯದ ವಿದ್ಯಾರ್ಥಿ. ಆ ಅಭ್ಯಾಸವೊಂದನ್ನೇ ನೆಚ್ಚಿ ಈ ಬರಹಕ್ಕೆ ತೊಡಗಿದ್ದೇನೆ.

ಗಡಿಯಾಚೆಯ ಕನ್ನಡಿಗರಾದ ನಮಗೆ ವರದಿಗಳ ಓದು ಹೊಸದೂ ಅಲ್ಲ. 1967ರ ಮಹಾಜನ ವರದಿಯನ್ನು ಒಂದು ಕಡೆಯವರು ಒಂದು ಬಗೆಯಾಗಿ, ಇನ್ನೊಂದು ಕಡೆಯವರು ಇನ್ನೊಂದು ಬಗೆಯಾಗಿ ಓದುವುದನ್ನು ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದ ನಾವು ಕಂಡುಕೊಂಡೇ ಬೆಳೆದಿದ್ದೇವೆ. ಓದುಗನ ಅಪೇಕ್ಷೆ ಓದನ್ನು ಎಷ್ಟು ತಿರುಚಬಲ್ಲದೆಂದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಮೊದಲಿಗೆ ಒಂದು ಪದದ ಮಾತು. ನಮ್ಮ ಪತ್ರಿಕೆಗಳು ‘ಹವಾಮಾನ ಬದಲಾವಣೆ’ ಎಂದೇ ಬರೆಯುತ್ತವೆ. ಆದರೆ ನಾಳೆ ಮಳೆ ಬರುವುದೋ ಇಲ್ಲವೋ ಎಂದು ತಿಳಿಸುವುದೂ ಹವಾಮಾನ ವರದಿಯೇ. ನಮ್ಮ ನೆರೆಯ ಮರಾಠಿಯಲ್ಲಿಯೂ ‘ಹವಾಮಾನ’ ಎಂಬ ಒಂದೇ ಶಬ್ದ ಎರಡೂ ಹೊರೆಗಳನ್ನು ಹೊತ್ತಿದೆ. ಕನ್ನಡದ ಭೂಗೋಳ ಪಠ್ಯಗಳು ಈ ಎರಡನ್ನೂ ಬೇರ್ಪಡಿಸಿ, ದಿನದಿನದ ಸ್ಥಿತಿಗೆ ಹವಾಮಾನವೆಂದೂ ದಶಕಗಳ ಸರಾಸರಿಗೆ ವಾಯುಗುಣವೆಂದೂ ಹೆಸರಿಟ್ಟವು. ಆ ಭೇದವನ್ನು ನಾವು ಕೈಬಿಟ್ಟದ್ದರಿಂದ ಆದ ನಷ್ಟ ಸಣ್ಣದಲ್ಲ. ಈ ವರ್ಷ ಚಳಿ ಹೆಚ್ಚಾಯಿತು, ಭೂಮಿ ಬಿಸಿಯಾಗುವುದೆಲ್ಲಿ ಬಂತು ಎಂಬ ಆಕ್ಷೇಪ ‘ಹವಾಮಾನ’ ಎಂಬ ಮಾತಿನಲ್ಲಿ ಸಹಜವೆನ್ನಿಸುತ್ತದೆ; ‘ವಾಯುಗುಣ’ ಎಂದೊಡನೆ ಅದರ ಬಲ ಕುಂದುತ್ತದೆ. ಆದ್ದರಿಂದ ಈ ಲೇಖನದಲ್ಲಿ ಹಳೆಯ ಪಠ್ಯದ ಮಾತನ್ನೇ ಬಳಸುತ್ತೇನೆ.

ಎರಡನೆಯದಾಗಿ, ಈ ವಿವಾದವನ್ನು ಅಳೆಯಲು ಬೇಕಾದ ಮಾನದಂಡ ನಮ್ಮ ಮನೆಯಲ್ಲಿಯೇ ಇದೆ. ನ್ಯಾಯಸೂತ್ರಗಳು ಹೇಳುವ ಹದಿನಾರು ಪದಾರ್ಥಗಳಲ್ಲಿ ಸಂಶಯವೂ ಒಂದು. ಅದು ದೋಷಗಳ ಪಟ್ಟಿಯಲ್ಲಿಲ್ಲ, ಜಿಜ್ಞಾಸೆಯ ಬಾಗಿಲಲ್ಲಿದೆ. ಸಂಶಯದಿಂದ ಹೊರಟ ವಿಚಾರ ನಿರ್ಣಯದಲ್ಲಿ ನಿಲ್ಲಬೇಕು. ಅದೇ ಶಾಸ್ತ್ರ ಚರ್ಚೆಯನ್ನು ಮೂರಾಗಿ ವಿಂಗಡಿಸುತ್ತದೆ. ಪ್ರಮಾಣ ಮತ್ತು ತರ್ಕಗಳಿಂದ ತತ್ತ್ವವನ್ನು ಅರಸುವುದು ವಾದ. ಗೆಲುವನ್ನೇ ಗುರಿಯಾಗಿಸಿಕೊಂಡು ಸಿಕ್ಕ ಉಪಾಯವನ್ನೆಲ್ಲ ಬಳಸುವುದು ಜಲ್ಪ. ತನ್ನದೆಂಬ ಪಕ್ಷವನ್ನೇ ಸ್ಥಾಪಿಸದೆ ಎದುರಾಳಿಯದನ್ನು ಕೆಡಹುತ್ತಲೇ ಹೋಗುವುದು ವಿತಂಡ. ಎದುರಾಳಿಯ ಮಾತಿಗೆ ಆತ ಉದ್ದೇಶಿಸದ ಅರ್ಥ ಹಚ್ಚಿ ಖಂಡಿಸುವುದು ಛಲ. ಮಂಗಳವೇಢೆಯವರೆಂದು ಪರಂಪರೆ ನಂಬಿರುವ ಟೀಕಾಚಾರ್ಯ ಜಯತೀರ್ಥರ ಗ್ರಂಥಗಳನ್ನು ಬಲ್ಲವರಿಗೆ, ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆ ಮಂಡಿಸಿದ ಮೇಲಷ್ಟೇ ಖಂಡಿಸುವ ಶಿಸ್ತು ನಮ್ಮ ಸೀಮೆಗೆ ಅಪರಿಚಿತವಲ್ಲವೆಂದು ತಿಳಿದಿದೆ.

ಈ ಮಾನದಂಡವನ್ನು ಹಿಡಿದು ಒಂದು ನೈಜ ಪ್ರಕರಣವನ್ನು ನೋಡೋಣ. ವಿಶ್ವಸಂಸ್ಥೆಯ ಆಶ್ರಯದ ವಾಯುಗುಣ ಸಮಿತಿ, ಅಂದರೆ ಐಪಿಸಿಸಿ, 2007ರಲ್ಲಿ ತನ್ನ ನಾಲ್ಕನೆಯ ವರದಿಯನ್ನು ಹೊರತಂದಿತು. ಅದರ ಎರಡನೆಯ ಸಂಪುಟದಲ್ಲಿ ಏಷ್ಯಾಕ್ಕೆ ಮೀಸಲಾದದ್ದು ಹತ್ತನೆಯ ಅಧ್ಯಾಯ. ಭೂಮಿ ಇದೇ ಗತಿಯಲ್ಲಿ ಬಿಸಿಯಾದರೆ ಹಿಮಾಲಯದ ಹಿಮನದಿಗಳು 2035ರ ವೇಳೆಗೆ, ಬಹುಶಃ ಅದಕ್ಕೂ ಮೊದಲೇ, ಇಲ್ಲವಾಗುವ ಸಂಭವ ಬಹಳ ಹೆಚ್ಚೆಂದು ಅಲ್ಲಿಯ ಒಂದು ವಾಕ್ಯ ಸಾರಿತು. ಅವುಗಳ ಒಟ್ಟು ವಿಸ್ತೀರ್ಣ 5 ಲಕ್ಷ ಚದರ ಕಿಲೋಮೀಟರಿನಿಂದ 1 ಲಕ್ಷಕ್ಕೆ ಇಳಿಯುವುದೆಂದು ಮರುವಾಕ್ಯ ಸೇರಿಸಿತು. ಗಂಗೆ, ಸಿಂಧು, ಬ್ರಹ್ಮಪುತ್ರೆಗಳ ಮೂಲವನ್ನು ಕುರಿತ ಇಂಥ ಮಾತು ಜಗತ್ತಿನಾದ್ಯಂತ ಹರಡಿತು.

ಆ ಮಾತು ತಪ್ಪಾಗಿತ್ತು. ಅದನ್ನು ಕಂಡುಹಿಡಿಯಲು ಹಿಮಾಲಯಕ್ಕೆ ಹೋಗಬೇಕಾಗಿರಲಿಲ್ಲ. ಪುಟವನ್ನು ಎಚ್ಚರದಿಂದ ಓದಿದರೆ ಸಾಕಾಗಿತ್ತು. ಎಲ್ಲ ಹಿಮನದಿಗಳೂ ಇಲ್ಲವಾಗುವುದಾದರೆ 1 ಲಕ್ಷ ಚದರ ಕಿಲೋಮೀಟರು ಉಳಿಯುವುದು ಹೇಗೆ? ಅದೇ ಭಾಗದಲ್ಲಿ, ಕೊಂಚ ಹಿಂದೆ, ಹಿಮಾಲಯದ ಹಿಮನದಿಗಳ ವಿಸ್ತೀರ್ಣ ಸುಮಾರು 30 ಲಕ್ಷ ಹೆಕ್ಟೇರೆಂದು ಬರೆದಿದೆ. ಅಂದರೆ 30 ಸಾವಿರ ಚದರ ಕಿಲೋಮೀಟರು. 30 ಸಾವಿರವಿದ್ದುದು ಕರಗಿ ಕರಗಿ 1 ಲಕ್ಷವಾಗುವ ಸೋಜಿಗ ಅಲ್ಲಿ ಅಚ್ಚಾಗಿದೆ. ಒಂದೇ ವಾಕ್ಯದಲ್ಲಿ ‘ಹೀಗಾದರೆ’ ಎಂಬ ಷರತ್ತು ಎರಡು ಸಲ ಬಂದಿದೆ. ಮೊದಲ ವಾಕ್ಯದ ಕರ್ತೃ ಬಹುವಚನದಲ್ಲಿದ್ದರೆ ಮರುವಾಕ್ಯದ ಸರ್ವನಾಮ ಏಕವಚನದಲ್ಲಿದೆ. ಹಸ್ತಪ್ರತಿಗಳನ್ನು ಪರಿಷ್ಕರಿಸಿ ಬಲ್ಲವರಿಗೆ ಈ ಲಕ್ಷಣದ ಅರ್ಥ ತಿಳಿದಿದೆ: ಇದು ಪ್ರಕ್ಷೇಪ, ಬೇರೊಂದು ಮೂಲದ ಸಾಲು ಇಲ್ಲಿ ಬಂದು ಅಂಟಿಕೊಂಡಿದೆ.

ಮೂಲವನ್ನು ಹುಡುಕಿದವರಿಗೆ ಅದು ಸಿಕ್ಕಿತು. ರಷ್ಯದ ಹಿಮವಿಜ್ಞಾನಿ ಕೋಟ್ಲ್ಯಾಕೋವ್ 1996ರ ಬರಹವೊಂದರಲ್ಲಿ, ಧ್ರುವಪ್ರದೇಶಗಳ ಹೊರಗಿನ ಇಡೀ ಭೂಮಿಯ ಹಿಮರಾಶಿ 5 ಲಕ್ಷದಿಂದ 1 ಲಕ್ಷ ಚದರ ಕಿಲೋಮೀಟರಿಗೆ ಇಳಿಯಬಹುದೆಂದು ಅಂದಾಜು ಮಾಡಿದ್ದರು. ಅವರು ಹೇಳಿದ ವರ್ಷ 2350. ಇಡೀ ಭೂಮಿಯ ಲೆಕ್ಕ ಹಿಮಾಲಯದ ಲೆಕ್ಕವಾಯಿತು. 2350 ಎಂಬುದರ ಜಾಗದಲ್ಲಿ 2035 ಬಂದು ಕುಳಿತಿತು. 2035ರ ಮಾತು 1999ರಲ್ಲಿ ಪತ್ರಿಕಾ ಲೇಖನಗಳಲ್ಲಿ ಕಾಣಿಸಿಕೊಂಡಿತ್ತು. ಅಲ್ಲಿಂದ 2005ರಲ್ಲಿ ಪರಿಸರ ಸಂಸ್ಥೆಯೊಂದರ ವರದಿಗೆ, ಅಲ್ಲಿಂದ ಐಪಿಸಿಸಿಯ ಪುಟಕ್ಕೆ ಅದು ಬಂದಿತ್ತು. ಪಕ್ಕದ ಕೋಷ್ಟಕದಲ್ಲಿ ಇನ್ನೊಂದು ತಪ್ಪಿದೆ. ಪಿಂಡಾರಿ ಹಿಮನದಿ 1845ರಿಂದ 1966ರವರೆಗೆ 2,840 ಮೀಟರು ಹಿಂದೆ ಸರಿದಿದೆ. ಅವಧಿ 121 ವರ್ಷ. ವಾರ್ಷಿಕ ಸರಾಸರಿ ಸುಮಾರು 23.5 ಮೀಟರು. ಅಲ್ಲಿ ಅಚ್ಚಾದದ್ದು 135.2. ಯಾರೋ 121ರ ಬದಲು 21ರಿಂದ ಭಾಗಿಸಿದ್ದಾರೆ. ಶಾಲೆಯ ಹುಡುಗನ ಉತ್ತರಪತ್ರಿಕೆಯಲ್ಲಿ ಗುರುತಿಸಬಹುದಾದ ಈ ತಪ್ಪು ತಜ್ಞರ ಕೈಗಳನ್ನು ದಾಟಿ ಹೋಯಿತು.

ಕರಡನ್ನು ಪರಿಶೀಲಿಸಿದ ಕೆಲವರು ಆ ವಾಕ್ಯವನ್ನು ಪ್ರಶ್ನಿಸಿದ್ದರೆಂಬುದು, ಅವರಿಗೆ ತಕ್ಕ ಉತ್ತರ ಸಿಗಲಿಲ್ಲವೆಂಬುದು ಮುಂದೆ ತಿಳಿದುಬಂತು. ಅಂದರೆ ಸಂಶಯ ಹುಟ್ಟಿತ್ತು. ಅದಕ್ಕೆ ಸಲ್ಲಬೇಕಾದ ಮರ್ಯಾದೆ ಸಲ್ಲಲಿಲ್ಲ.

2009ರ ನವೆಂಬರಿನಲ್ಲಿ ಭಾರತದ ಪರಿಸರ ಸಚಿವಾಲಯ ಹಿಮಾಲಯದ ಹಿಮನದಿಗಳನ್ನು ಕುರಿತು ಒಂದು ಚರ್ಚಾಪತ್ರವನ್ನು ಪ್ರಕಟಿಸಿತು. ಬರೆದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ನಿವೃತ್ತ ಅಧಿಕಾರಿ ವಿ.ಕೆ. ರೈನಾ, ಬಿಡುಗಡೆ ಮಾಡಿದವರು ಅಂದಿನ ಸಚಿವ ಜೈರಾಮ್ ರಮೇಶ್. ಹಿಮನದಿಗಳು ಹಿಂದೆ ಸರಿಯುತ್ತಿರುವುದು ನಿಜವಾದರೂ ಇತ್ತೀಚಿನ ಸರಿತ ಅಸಹಜವಾದುದಲ್ಲ, ಗಂಗೋತ್ರಿಯ ಸರಿತ ನಿಧಾನಗೊಂಡಿದೆ, ಇದಕ್ಕೆ ಭೂಮಿಯ ತಾಪವೇ ಕಾರಣವೆನ್ನುವುದು ಆತುರವಾದೀತು ಎಂಬುದು ಅದರ ನಿಲುವು. ಐಪಿಸಿಸಿಯ ಅಂದಿನ ಅಧ್ಯಕ್ಷ ಆರ್.ಕೆ. ಪಚೌರಿ ಇದನ್ನು ಮಾಟಗಾರಿಕೆಯ ವಿಜ್ಞಾನವೆಂಬರ್ಥದ ಮಾತಿನಿಂದ ಹೀಗಳೆದರು. ತತ್ತ್ವವನ್ನು ಅರಸಬೇಕಾದ ಪೀಠದಿಂದ ಜಲ್ಪದ ಮಾತು ಹೊರಟಿತು. ಮೂರು ತಿಂಗಳೊಳಗೆ, 2010ರ ಜನವರಿ 20ರಂದು, ಅದೇ ಸಂಸ್ಥೆ ಆ ವಾಕ್ಯಕ್ಕೆ ತಕ್ಕ ಆಧಾರವಿರಲಿಲ್ಲವೆಂದು ಒಪ್ಪಿ ವಿಷಾದ ಸೂಚಿಸಿತು.

ಜಗತ್ತಿನ ವಿರೋಧಿ ಪಾಳೆಯ ಅಂದು ಹಬ್ಬ ಆಚರಿಸಿತು. ಒಂದು ವಾಕ್ಯ ಸುಳ್ಳಾದ್ದರಿಂದ ಸುಮಾರು ಸಾವಿರ ಪುಟದ ಸಂಪುಟ ಸುಳ್ಳು, ಸಂಪುಟ ಸುಳ್ಳಾದ್ದರಿಂದ ಭೂಮಿ ಬಿಸಿಯಾಗುತ್ತಿರುವುದೇ ಸುಳ್ಳು ಎಂಬ ಮಾತು ಕೇಳಿಬಂತು. ಇಲ್ಲಿ ವಿಮರ್ಶಕ ಮೂರು ಪ್ರಶ್ನೆಗಳನ್ನು ಕೇಳಬೇಕು.

ತಪ್ಪನ್ನು ಹಿಡಿದವರು ಯಾರು? ಕೆನಡದ ಗ್ರಹಾಂ ಕಾಗ್ಲಿ ಮತ್ತು ಅವರ ಜೊತೆಯ ಹಿಮವಿಜ್ಞಾನಿಗಳು. ಆ ಸಂಖ್ಯೆಯ ವಂಶಾವಳಿಯನ್ನು ಬಿಡಿಸಿ 2010ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದವರು ಅವರೇ. ಅವರಾರೂ ಭೂಮಿಯ ತಾಪವನ್ನು ಅಲ್ಲಗಳೆದವರಲ್ಲ. ಮನೆಯ ಕಸವನ್ನು ಗುಡಿಸಿದ್ದು ಮನೆಯವರೇ.

ಆ ವಾಕ್ಯ ಎಲ್ಲಿತ್ತು? ಪ್ರಾದೇಶಿಕ ಪರಿಣಾಮಗಳನ್ನು ಹೇಳುವ ಅಧ್ಯಾಯದಲ್ಲಿ. ಹಿಮ ಮತ್ತು ಹಿಮನದಿಗಳ ಭೌತವಿಜ್ಞಾನವನ್ನು ತಜ್ಞರು ಚರ್ಚಿಸಿದ್ದು ಮೊದಲ ಸಂಪುಟದಲ್ಲಿ. ಅಲ್ಲಿ ಈ ತಪ್ಪಿಲ್ಲ. ಆಡಳಿತಗಾರರಿಗಾಗಿ ಬರೆದ ಸಾರಾಂಶದಲ್ಲಿಯೂ 2035ರ ಸುಳಿವಿಲ್ಲ.

ಉಳಿದ ಕಟ್ಟಡ ಆ ಇಟ್ಟಿಗೆಯ ಮೇಲೆ ನಿಂತಿತ್ತೆ? ಇಲ್ಲ. ಇಂಗಾಲದ ಡೈಆಕ್ಸೈಡ್ ಶಾಖವನ್ನು ಹೀರುತ್ತದೆಂದು ಟಿಂಡಾಲ್ ಪ್ರಯೋಗದಿಂದ ತೋರಿಸಲಾರಂಭಿಸಿದ್ದು 1859ರಲ್ಲಿ. ಅದು ಹೆಚ್ಚಿದರೆ ಭೂಮಿ ಎಷ್ಟು ಬಿಸಿಯಾದೀತೆಂದು ಆರ್ಹೇನಿಯಸ್ ಲೆಕ್ಕ ಹಾಕಿದ್ದು 1896ರಲ್ಲಿ. ಹವಾಯಿಯ ಮೌನಾ ಲೋವಾದಲ್ಲಿ ಕೀಲಿಂಗ್ ಅಳತೆ ಆರಂಭಿಸಿದ 1958ರಲ್ಲಿ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 315 ಭಾಗವಿದ್ದ ಆ ಅನಿಲ ಇಂದು 420ನ್ನು ಮೀರಿದೆ. ಹಿಮಾಲಯದ ಕುರಿತ ಒಂದು ಸಾಲನ್ನು ಅಳಿಸಿದರೆ ಇವುಗಳಲ್ಲಿ ಒಂದೂ ಅಳಿಯುವುದಿಲ್ಲ.

ಇನ್ನು ರೈನಾ ಅವರ ಪತ್ರಕ್ಕೆ ನ್ಯಾಯ ಸಲ್ಲಿಸಬೇಕು. 2035ನ್ನು ನಂಬದೆ ಇದ್ದುದರಲ್ಲಿ ಅವರು ಸರಿ. ಹಿಮನದಿಗಳ ದಪ್ಪ ಎಷ್ಟೋ ಕಡೆ ನೂರಾರು ಮೀಟರು. ಸವೆತ ವರ್ಷಕ್ಕೆ ಸರಾಸರಿ ಒಂದು ಮೀಟರಿಗೂ ಕಡಿಮೆ. ಮೂರು ದಶಕಗಳಲ್ಲಿ ಅವು ಮಾಯವಾಗುವುದು ಅಸಾಧ್ಯ. ಆದರೆ ಅವರ ಓದು ಬಹುಮಟ್ಟಿಗೆ ಹಿಮನದಿಯ ಮೂತಿಯನ್ನು, ಅಂದರೆ ಅದು ಕೊನೆಗೊಳ್ಳುವ ಅಂಚನ್ನು ನೆಚ್ಚಿದೆ. ಕಲ್ಲುಮಣ್ಣಿನ ಹೊದಿಕೆಯುಳ್ಳ ಹಿಮನದಿ ಅಂಚು ಸರಿಯದೆಯೇ ಇದ್ದಲ್ಲಿಯೇ ತೆಳುವಾಗಬಹುದು. ನಮ್ಮ ಸೀಮೆಯ ಬಾವಿಗಳನ್ನು ನೆನೆದರೆ ಸಾಕು. ಬೇಸಿಗೆಯಲ್ಲಿ ಬಾವಿಯ ಬಾಯಿ ಕಿರಿದಾಗುವುದಿಲ್ಲ. ನೀರು ಮಾತ್ರ ಇಳಿಯುತ್ತದೆ. ಹಿಮದ ರಾಶಿಯನ್ನೇ ತೂಗಿ ನೋಡುವ ಅಧ್ಯಯನಗಳು ಮುಂದಿನ ವರ್ಷಗಳಲ್ಲಿ ಬಂದವು. ಶೀತಲ ಸಮರದ ಕಾಲದ ಬೇಹುಗಾರಿಕೆ ಉಪಗ್ರಹಗಳ ಚಿತ್ರಗಳನ್ನು ಬಳಸಿ ಸುಮಾರು 650 ಹಿಮನದಿಗಳನ್ನು ಪರೀಕ್ಷಿಸಿದ 2019ರ ಸಂಶೋಧನೆಯೊಂದು, 1975ರಿಂದ 2000ದವರೆಗಿನ ಸವೆತಕ್ಕಿಂತ 2000ದಿಂದ 2016ರವರೆಗಿನ ಸವೆತದ ವೇಗ ಇಮ್ಮಡಿಯೆಂದು ಕಂಡುಕೊಂಡಿತು. ಕಠ್ಮಂಡುವಿನ ಇಸಿಮೋಡ್ ಸಂಸ್ಥೆ ಅದೇ ವರ್ಷ ಹೊರತಂದ ವರದಿಯ ಪ್ರಕಾರ, ತಾಪದ ಏರಿಕೆಯನ್ನು 1.5 ಡಿಗ್ರಿಗೆ ತಡೆದರೂ ಹಿಂದೂಕುಶ್-ಹಿಮಾಲಯದ ಹಿಮರಾಶಿಯ ಮೂರನೆಯ ಒಂದು ಭಾಗ ಈ ಶತಮಾನದ ಕೊನೆಗೆ ಉಳಿಯದು. ಕಾರಾಕೋರಂ ಶ್ರೇಣಿಯ ಕೆಲವು ಹಿಮನದಿಗಳು ಬಹುಕಾಲ ಸ್ಥಿರವಾಗಿದ್ದವು, ಕೆಲವು ಬೆಳೆದವು. ಅದನ್ನೂ ವಿಜ್ಞಾನಿಗಳೇ ಅಳೆದು ಪ್ರಕಟಿಸಿದರು. ತನ್ನ ಪಕ್ಷಕ್ಕೆ ಒಗ್ಗದ ಸಂಗತಿಯನ್ನೂ ದಾಖಲಿಸುವುದು ವಾದದ ಲಕ್ಷಣ.

ವಿವಾದದ ಇನ್ನೊಂದು ಬದಿಯ ಪ್ರಸಿದ್ಧ ಕೃತಿ, ಅಮೆರಿಕದ ಮೈಕೇಲ್ ಕ್ರೈಟನ್ ಅವರ ಕಾದಂಬರಿ ‘ಸ್ಟೇಟ್ ಆಫ್ ಫಿಯರ್’, ಹೊರಬಂದದ್ದು 2004ರಲ್ಲಿ. ಜನರನ್ನು ಹೆದರಿಸಲು ಪರಿಸರ ಉಗ್ರರು ಕೃತಕ ವಿಪತ್ತುಗಳನ್ನು ಸೃಷ್ಟಿಸುವ ಸಂಚು ಅದರ ಕಥೆ. ಕಾದಂಬರಿಯ ಒಳಗೆ ನಕ್ಷೆಗಳಿವೆ, ನೈಜ ಸಂಶೋಧನ ಲೇಖನಗಳಿಗೆ ಅಡಿಟಿಪ್ಪಣಿಗಳಿವೆ. ಓಟದ ಕಥೆ ಹೆಣೆಯುವುದರಲ್ಲಿ ಕ್ರೈಟನ್ ನಿಪುಣರು, ಅದನ್ನು ಅಲ್ಲಗಳೆಯಲಾಗದು. ಕೃತಿಯ ದೋಷ ಪೂರ್ವಪಕ್ಷದ ಮಂಡನೆಯಲ್ಲಿದೆ. ಸಂಶಯದ ಪಕ್ಷವನ್ನು ಹಿಡಿದವನು ಎಲ್ಲ ಬಲ್ಲ ಪ್ರಾಧ್ಯಾಪಕ. ಅವನೆದುರು ವಾದಿಸುವವರು ಒಬ್ಬ ಎಳೆಯ ವಕೀಲ, ಒಬ್ಬ ಪೊಳ್ಳು ಚಲನಚಿತ್ರ ನಟ ಮೊದಲಾದವರು. ಬಲ್ಲ ವಾಯುಗುಣ ವಿಜ್ಞಾನಿಯೊಬ್ಬ ಎದ್ದು ಉತ್ತರ ಹೇಳುವ ಒಂದು ದೃಶ್ಯವನ್ನೂ ಕಾದಂಬರಿಕಾರ ಕಲ್ಪಿಸಲಿಲ್ಲ. ಎದುರಾಳಿಯನ್ನು ದುರ್ಬಲನನ್ನಾಗಿ ಕಡೆದು ಗೆದ್ದ ಗೆಲುವು ಸಾಹಿತ್ಯದಲ್ಲಿಯೂ ಗೆಲುವಲ್ಲ.

ನಕ್ಷೆಗಳ ಬಳಕೆಯೂ ಹಾಗೆಯೇ. ನ್ಯೂಯಾರ್ಕ್ ನಗರ ಬಿಸಿಯಾಗಿದೆ, ಹತ್ತಿರದ ವೆಸ್ಟ್ ಪಾಯಿಂಟ್ ಆಗಿಲ್ಲ ಎಂಬಂಥ ಬಿಡಿ ಊರುಗಳ ನಕ್ಷೆಗಳಿಂದ ಇಡೀ ಭೂಮಿಯ ಸರಾಸರಿಯನ್ನು ಪ್ರಶ್ನಿಸಲಾಗುತ್ತದೆ. ಇನ್ನೂ ಗಂಭೀರವಾದದ್ದು ಜೇಮ್ಸ್ ಹ್ಯಾನ್ಸನ್ ಅವರ ಪ್ರಸಂಗ. 1988ರಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಅವರು ಮೂರು ಸಾಧ್ಯತೆಗಳನ್ನು ಇಟ್ಟಿದ್ದರು; ನಡುವಿನದೇ ಹೆಚ್ಚು ಸಂಭಾವ್ಯವೆಂದಿದ್ದರು. ಕಾದಂಬರಿ ಅತ್ಯಂತ ತೀವ್ರವಾದುದನ್ನಷ್ಟೇ ಎತ್ತಿಕೊಂಡು ಅವರ ಅಂದಾಜು ಶೇಕಡಾ 300ರಷ್ಟು ತಪ್ಪೆನ್ನುತ್ತದೆ. ನ್ಯಾಯಶಾಸ್ತ್ರ ಛಲವೆಂದು ಕರೆಯುವುದು ಬಹುಮಟ್ಟಿಗೆ ಇದನ್ನೇ. ವಿಚಿತ್ರವೆಂದರೆ, ಕಾದಂಬರಿಯ ಕೊನೆಯ ಲೇಖಕರ ಮಾತಿನಲ್ಲಿ ಕ್ರೈಟನ್ ಅವರೇ ಇಂಗಾಲದ ಡೈಆಕ್ಸೈಡ್ ಹೆಚ್ಚುತ್ತಿರುವುದನ್ನೂ ಅದಕ್ಕೆ ಮನುಷ್ಯ ಕಾರಣನಾಗಿರಬಹುದೆಂಬುದನ್ನೂ ಒಪ್ಪುತ್ತಾರೆ. ಲೇಖಕ ತನ್ನ ಕಥೆಗಿಂತ ಹೆಚ್ಚು ಪ್ರಾಮಾಣಿಕನಾದ ಅಪರೂಪದ ನಿದರ್ಶನವಿದು. ಮರುವರ್ಷ ಸೆನೆಟ್ ಸಮಿತಿಯೊಂದು ಈ ಕಾದಂಬರಿಕಾರರನ್ನೇ ವಿಜ್ಞಾನದ ವಿಷಯದಲ್ಲಿ ಸಾಕ್ಷಿಯಾಗಿ ಕರೆಸಿತು. ಕಲ್ಪನೆಗೂ ಪ್ರಮಾಣಕ್ಕೂ ನಡುವಣ ಗೆರೆ ಅಳಿಸಿಹೋದಾಗ ಆಗುವುದು ಹೀಗೆಯೇ.

ಈ ಬಗೆಯ ಸಂಶಯದ ಇತಿಹಾಸವನ್ನು ನವೋಮಿ ಒರೆಸ್ಕೆಸ್ ಮತ್ತು ಎರಿಕ್ ಕಾನ್ವೇ 2010ರ ತಮ್ಮ ‘ಮರ್ಚೆಂಟ್ಸ್ ಆಫ್ ಡೌಟ್’ ಗ್ರಂಥದಲ್ಲಿ ಬಿಡಿಸಿದ್ದಾರೆ. ತಂಬಾಕಿನ ಅಪಾಯ, ಆಮ್ಲಮಳೆ, ಓಜೋನ್ ರಂಧ್ರ, ಭೂಮಿಯ ತಾಪ ಇವುಗಳ ಚರ್ಚೆಯಲ್ಲಿ ಫ್ರೆಡರಿಕ್ ಸೈಟ್ಸ್, ಫ್ರೆಡ್ ಸಿಂಗರ್ ಮೊದಲಾದ ಕೆಲವೇ ಭೌತವಿಜ್ಞಾನಿಗಳ ಹೆಸರುಗಳು ಮತ್ತೆ ಮತ್ತೆ ಬರುವುದನ್ನು ದಾಖಲೆಗಳೊಡನೆ ತೋರಿಸಿದ್ದಾರೆ. ತಂಬಾಕು ಕಂಪನಿಗಳಿಗೆ ತಮ್ಮದೇ ಪಕ್ಷವನ್ನು ಸ್ಥಾಪಿಸಬೇಕಾಗಿರಲಿಲ್ಲ. ನಿರ್ಣಯ ಮುಂದಕ್ಕೆ ಹೋದರೆ ಸಾಕಾಗಿತ್ತು. ವಿತಂಡದ ಇದಕ್ಕಿಂತ ಸ್ಪಷ್ಟ ಉದಾಹರಣೆ ಆಧುನಿಕ ಕಾಲದಲ್ಲಿ ಸಿಗದು. ಗ್ರಂಥದ ಬಗೆಗೆ ನನ್ನದೊಂದು ಆಕ್ಷೇಪವಿದೆ. ಉದ್ದೇಶವನ್ನು ಬಯಲು ಮಾಡಿದರೆ ವಾದ ಬಿದ್ದಂತೆ ಎಂಬ ಭಾವನೆಯನ್ನು ಅದು ಓದುಗನಲ್ಲಿ ಮೂಡಿಸಬಹುದು. ಕೂಲಿ ಪಡೆದವನ ಮಾತು ಕೂಡ ಪ್ರಮಾಣದಿಂದಲೇ ಬೀಳಬೇಕು.

ನಿಜವಾದ ಸಂಶಯಕ್ಕೆ ಸಾಕ್ಷಿಯಾಗಿ ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ರಿಚರ್ಡ್ ಮುಲ್ಲರ್ ಇದ್ದಾರೆ. ತಾಪಮಾನದ ದಾಖಲೆಗಳನ್ನು ನಂಬದೆ, 2010ರಲ್ಲಿ ಅವರು ತಮ್ಮದೇ ಲೆಕ್ಕಾಚಾರಕ್ಕೆ ತೊಡಗಿದರು. ಹಣ ಕೊಟ್ಟವರಲ್ಲಿ ವಾಯುಗುಣ ವಿಜ್ಞಾನದ ವಿರೋಧಿಗಳಿಗೆ ಪ್ರಿಯವಾದ ಪ್ರತಿಷ್ಠಾನವೂ ಇತ್ತು. ನಗರಗಳ ಶಾಖ, ತಾಪಮಾಪಕ ಕೇಂದ್ರಗಳ ದೋಷ ಎಲ್ಲವನ್ನೂ ಪರೀಕ್ಷಿಸಿ, ಭೂಮಿ ಬಿಸಿಯಾಗಿದೆ, ಅದಕ್ಕೆ ಬಹುತೇಕ ಮನುಷ್ಯನೇ ಕಾರಣ ಎಂದು 2012ರ ವೇಳೆಗೆ ಅವರು ಬಹಿರಂಗವಾಗಿ ಒಪ್ಪಿದರು. ಸಂಶಯದಿಂದ ಹೊರಟು ನಿರ್ಣಯದಲ್ಲಿ ನಿಂತವರು ಅವರು. ಬರಿದೆ ನಿರಾಕರಿಸುವವರನ್ನು ಸಂಶಯವಾದಿಗಳೆಂದು ಕರೆದರೆ ಇಂಥವರಿಗೆ ಅನ್ಯಾಯ ಮಾಡಿದಂತೆ.

‘ಮರ್ಯಾದೆ’ ಎಂಬ ಶಬ್ದಕ್ಕೆ ಗೌರವವೆಂಬ ಅರ್ಥವೂ ಉಂಟು, ಎಲ್ಲೆಯೆಂಬ ಅರ್ಥವೂ ಉಂಟು. ಸಂಶಯಕ್ಕೆ ಎರಡೂ ಸಲ್ಲಬೇಕು. 2007ರ ಕರಡಿನ ಲೇಖಕರು ಮೊದಲನೆಯದನ್ನು ಮರೆತರು. ನಿರಾಕರಿಸುವವರು ಎರಡನೆಯದನ್ನು ಮರೆತಿದ್ದಾರೆ. ಎಷ್ಟು ಪ್ರಮಾಣ ಸಿಕ್ಕರೆ ಒಪ್ಪುವೆ ಎಂಬ ಪ್ರಶ್ನೆಗೆ ಉತ್ತರವಿಲ್ಲದವನ ಸಂಶಯ ಸಂಶಯವಲ್ಲ.

ನಮ್ಮ ಮನೆಗಳಲ್ಲಿಯೂ ಈ ಚರ್ಚೆ ನಡೆಯುತ್ತದೆ. ಬರ ಯಾವಾಗ ಇರಲಿಲ್ಲ, ಧಾತು-ಈಶ್ವರ ಸಂವತ್ಸರಗಳ ಬರವನ್ನು ಹಿರಿಯರು ಹೇಳುತ್ತಿರಲಿಲ್ಲವೆ, 1972ರದನ್ನು ನಾವೇ ಕಾಣಲಿಲ್ಲವೆ ಎಂದು ವೃದ್ಧರು ಕೇಳುತ್ತಾರೆ. ಇದು ವಿತಂಡವಲ್ಲ, ಅನುಭವದ ಮಾತು. ಇದಕ್ಕೆ ಗೌರವದ ಉತ್ತರ ಸಲ್ಲಬೇಕು. ಬರವೂ ನೆರೆಯೂ ಎಂದೂ ಇದ್ದವು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿದ್ದಕ್ಕೆ ಭೂಮಿಯ ತಾಪವೊಂದೇ ಕಾರಣವೆಂದರೆ ಅದೂ 2035ರಂಥ ಆತುರದ ಮಾತೇ. ವಿಜ್ಞಾನ ಹೇಳುವುದು ಸರಾಸರಿಯನ್ನು, ಪದೇಪದೇ ಆಗುವುದನ್ನು. ಪುಣೆಯ ಉಷ್ಣವಲಯ ಪವನವಿಜ್ಞಾನ ಸಂಸ್ಥೆಯ ವಿಜ್ಞಾನಿಯೊಬ್ಬರ ನೇತೃತ್ವದ 2017ರ ಅಧ್ಯಯನವು, 1950ರಿಂದ 2015ರವರೆಗೆ ಮಧ್ಯಭಾರತದಲ್ಲಿ ವ್ಯಾಪಕ ಅತಿವೃಷ್ಟಿಯ ಪ್ರಸಂಗಗಳು ಮೂರು ಪಟ್ಟಾಗಿವೆಯೆಂದು ಕಂಡುಕೊಂಡಿದೆ. ಅಜ್ಜನ ನೆನಪು ಸುಳ್ಳಲ್ಲ. ಮೊಮ್ಮಗನ ಲೆಕ್ಕದಲ್ಲಿ ಬದಲಾಗಿರುವುದು ಎಷ್ಟು ಸಲ ಎಂಬುದು.

ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿಸಿದರು. ಮುಂದಿನ ವರ್ಷ ಮಳೆ ಕೈಕೊಡುವುದೆಂದು ಖಚಿತವಾಗಿ ತಿಳಿದು ಯಾರೂ ಕೆರೆ ಕಟ್ಟುವುದಿಲ್ಲ. ಕೈಕೊಡದೆಂದು ಖಚಿತವಾಗುವವರೆಗೆ ಕಾಯುವುದೂ ಇಲ್ಲ. ತಿಳಿದಷ್ಟನ್ನು ಪ್ರಾಮಾಣಿಕವಾಗಿ ತೂಗಿ, ಗುದ್ದಲಿ ಹಿಡಿಯುವ ಹೊತ್ತನ್ನು ಅರಿಯುವುದು ವಿವೇಕ. ವಾಯುಗುಣದ ವಿಷಯದಲ್ಲಿ ತೂಗುವ ಕೆಲಸ ಬಹುಮಟ್ಟಿಗೆ ಮುಗಿದಿದೆ. ತಪ್ಪಿದ ಒಂದು ವಾಕ್ಯವನ್ನು ತಿದ್ದಿಕೊಂಡವರ ಮಾತನ್ನು, ತಿದ್ದಿಕೊಂಡರೆಂಬ ಕಾರಣಕ್ಕಾಗಿಯೇ ನಾನು ಹೆಚ್ಚು ನಂಬುತ್ತೇನೆ.